ಏಳೆಷ್ಟ್ಲೆ ಐವತ್ತಾರು

ಟೀಚರ್ ಕೇಳಿದ್ದು "ನೀವು ಮಗುಗೆ ಏನಾಗ್ಬೇಕು?" ಎಂದು. ಅವನು ಹೇಳಿದ್ದು "ಫೋಟೋಗೆ ಕಟ್ಟು ಹಾಕ್ತೀನಿ" ಎಂದು. ಹೇಳಿ ಮುಗಿದ ಮೇಲೆಯೇ ಅವನಿಗೆ ಪ್ರಶ್ನೆ ಸರಿಯಾಗಿ ಕೇಳಿಸಿದ್ದು. ಪಕ್ಕದ ಮೇಜಿನಲ್ಲಿ ಬುತ್ತಿ ಬಿಚ್ಚುತ್ತಿದ್ದ ಡ್ರಾಯಿಂಗ್ ಮೇಷ್ಟ್ರು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಬುತ್ತಿಗೇ ತಗ್ಗಿಸಿದರು. ಕೂರಲು ಕೊಟ್ಟದ್ದು ಮಕ್ಕಳ ಕುರ್ಚಿ. ಅವನ ಮೊಣಕಾಲುಗಳು ಎದೆಯ ಮಟ್ಟಕ್ಕೆ ಬಂದಿದ್ದವು. ನಾಚಿಕೆಯಾಗಬೇಕಿತ್ತು. ನಾಚಿಕೆ ಪಕ್ಕದ ಕೋಣೆಯಲ್ಲಿ ಬೇರೆ ಯಾರಿಗೋ ಆಗುತ್ತಿತ್ತು, ಗೋಡೆಯ ಈಚೆಗೆ ಅದರ ಸದ್ದು ಮಾತ್ರ ಬರುತ್ತಿತ್ತು. ಕೆಲವು ವರ್ಷಗಳಿಂದ ಅವನಿಗೆ ಎಲ್ಲವೂ ಹೀಗೆಯೇ. "ಅದಲ್ಲ, ಸಂಬಂಧದಲ್ಲಿ ಏನಾಗ್ಬೇಕು ಅಂತ ಕೇಳ್ದೆ," ಎಂದರು ಟೀಚರ್. "ಇವಳ ತಾಯಿ ನನ್ನ ಹೆಂಡತಿ," ಎಂದ. ಟೀಚರ್ ಅದನ್ನು ಮನಸ್ಸಿನಲ್ಲೇ ಬಿಡಿಸಿ, ಉತ್ತರ ಸಿಕ್ಕ ಮೇಲೆ, "ಓ," ಎಂದರು.

"ಮಗ್ಗಿ ಹೇಳು ಅಂದ್ರೆ ನೀರು ಕುಡಿದ ಹಾಗೆ ಹೇಳ್ತಾಳೆ, ಹನ್ನೆರಡರವರೆಗೂ. ಆದ್ರೆ ಮಧ್ಯೆ ಒಂದು ಅಂಕಿ ತೆಗೆದು, ಚೌಕ ಹಾಕಿ, ಇಲ್ಲಿ ಏನು ಬರುತ್ತೆ ಅಂತ ಕೇಳಿದ್ರೆ ಮುಗೀತು. ಬಾಯಿಗೆ ಬೀಗ." ಹಾಳೆಯನ್ನು ಅವನ ಕಡೆ ತಿರುಗಿಸಿದರು. ಇಪ್ಪತ್ತು ಲೆಕ್ಕ, ಇಪ್ಪತ್ತು ಚೌಕ. ಏಳನ್ನು ಎಷ್ಟರಿಂದ ಗುಣಿಸಿದರೆ ಐವತ್ತಾರು, ಎಷ್ಟನ್ನು ಆರರಿಂದ ಗುಣಿಸಿದರೆ ಐವತ್ತನಾಲ್ಕು. ಒಂದು ಚೌಕದೊಳಗೂ ಪೆನ್ಸಿಲ್ ತಾಗಿರಲಿಲ್ಲ. ತಪ್ಪು ಬರೆದಿದ್ದರೆ ಹೊಡೆದುಹಾಕಬಹುದಿತ್ತು; ಹೊಡೆಯಲು ಏನೂ ಇಲ್ಲದ್ದರಿಂದ ಟೀಚರ್ ಕೊನೆಯಲ್ಲಿ ಒಂದು ಸೊನ್ನೆ ಹಾಕಿ ಬಿಟ್ಟಿದ್ದರು. ಶುಕ್ರವಾರ ಇನ್ನೊಂದು ಪರೀಕ್ಷೆ ಇದೆ, ಅದರಲ್ಲೂ ಹೀಗೇ ಆದರೆ ಗಣಿತದ ಹೊತ್ತಿಗೆ ಅವಳನ್ನು ಕೆಳಗಿನ ತರಗತಿಯಲ್ಲಿ ಕೂರಿಸಬೇಕಾಗುತ್ತದೆ ಎಂದರು. "ಚಿಕ್ಕ ಮಕ್ಕಳ ಮಧ್ಯೆ ಕೂತ್ಕೊಂಡ್ರೆ ಅವಳಿಗೇ ಬೇಜಾರಲ್ವಾ? ತಾಯಿ ಯಾಕೆ ಬರ್ಲಿಲ್ಲ?" ಹೆಂಡತಿ ಬಟ್ಟೆ ಕಾರ್ಖಾನೆಯಲ್ಲಿ ಮೇಲ್ವಿಚಾರಕಿ, ಹೊಸ ಯಂತ್ರ ಕಲಿಯಲು ಕಾರ್ಖಾನೆಯವರು ಹನ್ನೆರಡು ದಿನಕ್ಕೆ ಬೇರೆ ಊರಿಗೆ ಕಳಿಸಿದ್ದರು, ಶನಿವಾರ ಬರುವವಳಿದ್ದಳು. ಅಷ್ಟನ್ನು ಅವನು ಹೇಳಿ ಮುಗಿಸುವಷ್ಟರಲ್ಲಿ ಶಾಲೆ ಬಿಡುವ ಗಂಟೆ ಹೊಡೆಯಿತು. ಟೀಚರ್ ಎದ್ದರು. ಕುರ್ಚಿಯಿಂದ ಏಳಲು ಅವನು ಮೇಜನ್ನು ಹಿಡಿಯಬೇಕಾಯಿತು.

ಹುಡುಗಿ ಗೇಟಿನ ಹತ್ತಿರ ಕಾಯುತ್ತಿದ್ದಳು, ನೀರಿನ ಬಾಟಲಿಯನ್ನು ಕೊರಳಿಗೆ ಜೋತು ಹಾಕಿಕೊಂಡು. ಒಂಬತ್ತು ವರ್ಷ. ಹುಟ್ಟಿದಾಗ ಅಂಗೈಯಷ್ಟೇ ಇದ್ದಳೆಂದು ಅವಳ ಅಪ್ಪ ಜೀರಿಗೆ ಎಂದು ಕರೆದದ್ದೇ ಹೆಸರಾಗಿ ನಿಂತಿತ್ತು. ಅಪ್ಪ ರಸ್ತೆ ಅಪಘಾತದಲ್ಲಿ ಹೋಗಿ ನಾಲ್ಕು ವರ್ಷ. ಇವನು ಆ ಮನೆಗೆ ಬಂದು ಎರಡು ವರ್ಷ. ಈ ಎರಡು ವರ್ಷದಲ್ಲಿ ಜೀರಿಗೆ ಅವನನ್ನು ಏನೆಂದೂ ಕರೆದಿರಲಿಲ್ಲ. ಕರೆಯದಿರುವುದು ಹೋಗಲಿ, "ನೀನು" ಅಂದಿರಲಿಲ್ಲ, "ನೀವು" ಅಂದಿರಲಿಲ್ಲ. ಮೊದಮೊದಲು ಅವನಿಗೆ ಗೊತ್ತೇ ಆಗಿರಲಿಲ್ಲ. "ಬಾ" ಅಂದರೆ ಒಂದು ಲೆಕ್ಕ, "ಬನ್ನಿ" ಅಂದರೆ ಇನ್ನೊಂದು ಲೆಕ್ಕ. ಅವಳು ಎರಡನ್ನೂ ಬಿಟ್ಟು "ಊಟಕ್ಕೆ ಬರ್ಬೇಕಂತೆ" ಎನ್ನುತ್ತಿದ್ದಳು. "ಕೀ ಕೊಡು" ಅಲ್ಲ, "ಕೀ ಕೊಡಿ" ಅಲ್ಲ, "ಕೀ ಬೇಕಿತ್ತು." ಅಷ್ಟು ಚಿಕ್ಕ ಹುಡುಗಿ ದಿನವಿಡೀ ಇಂಥ ಸರ್ಕಸ್ಸು ಹೇಗೆ ಮಾಡುತ್ತಾಳೆಂದು ಅವನೊಮ್ಮೆ ಅಂಗಡಿಯಲ್ಲಿ ಗಿರಾಕಿಯೊಬ್ಬನ ಮುಂದೆ ತಾನೂ ಪ್ರಯತ್ನಿಸಿ ಎರಡನೇ ಮಾತಿಗೇ ಎಡವಿದ್ದ. ಹುಡುಗಿಯ ಈ ಸರ್ಕಸ್ಸನ್ನು ಹೆಂಡತಿಗೆ ಹೇಳಿರಲಿಲ್ಲ. ಹೇಳಿದರೆ ಅವಳು ಮಗಳನ್ನು ಕೂರಿಸಿಕೊಂಡು ಬುದ್ಧಿ ಹೇಳುತ್ತಾಳೆ, ಆಮೇಲೆ ಹುಡುಗಿ ಅಮ್ಮ ಹೇಳಿಕೊಟ್ಟ ಶಬ್ದವೊಂದನ್ನು ದಿನಕ್ಕೆ ನಾಲ್ಕು ಸಲ ಅವನ ಮುಂದಿಟ್ಟು ಹೋಗುತ್ತಾಳೆ. ಅದಕ್ಕಿಂತ ಇದೇ ವಾಸಿ ಅನ್ನಿಸಿತ್ತು.

"ಟೀಚರ್ ಏನಂದ್ರಂತೆ?" ಎಂದಳು, ರಸ್ತೆ ದಾಟಿದ ಮೇಲೆ.

"ಚೌಕ ಎಲ್ಲ ಖಾಲಿ ಬಿಟ್ಟಿದ್ದೀಯಂತೆ."

"ಗೊತ್ತಿರ್ಲಿಲ್ಲ."

"ಏನಾದ್ರೂ ಒಂದು ಬರೀಬಹುದಿತ್ತಲ್ಲ."

"ತಪ್ಪಾದ್ರೆ?" ಎಂದಳು. ಆ ಪ್ರಶ್ನೆಯಲ್ಲಿ ಭಯವೂ ಇರಲಿಲ್ಲ, ಹಟವೂ ಇರಲಿಲ್ಲ. ಇಬ್ಬರೂ ಮೂರನೇ ಮಹಡಿಯ ಮನೆಗೆ ಮೆಟ್ಟಿಲು ಹತ್ತಿದರು.

ಸಂಜೆ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತಾಗ ಅವನಿಗೆ ಕಾಯಿಲೆ ಎಲ್ಲಿದೆ ಎಂಬುದು ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. "ಏಳೆಷ್ಟ್ಲೆ ಐವತ್ತಾರು?" ಎಂದು ಕೇಳಿದ. ಅವಳು ಕಣ್ಣು ಮುಚ್ಚಿ ಏಳೊಂದ್ಲೆ ಏಳರಿಂದ ಹಿಡಿದಳು. ಏಳೆರಡ್ಲೆ ಹದಿನಾಲ್ಕು, ಏಳ್ಮೂರ್ಲೆ ಇಪ್ಪತ್ತೊಂದು ಎಂದು ತಲೆ ತೂಗುತ್ತ, ಒಂದು ರಾಗದಲ್ಲಿ, ಸಾಲಿನ ಕೊನೆಗೆ ಸ್ವಲ್ಪ ಏರಿಸಿ, ಐವತ್ತಾರನ್ನು ದಾಟಿ ಅರವತ್ತಮೂರನ್ನೂ ದಾಟಿ ಎಪ್ಪತ್ತಕ್ಕೆ ಹೋಗಿಯೇ ನಿಂತಳು. ನಿಲ್ದಾಣ ಬಂದರೂ ಇಳಿಯಲಾಗದೆ ಬಸ್ಸಿನ ಜೊತೆ ಕೊನೆಯ ಸ್ಟಾಪಿಗೆ ಹೋದವರ ಮುಖವಿತ್ತು ಅವಳದು. ಮತ್ತೆ ಮೊದಲಿಂದ. ಅವಳ ಪಾಲಿಗೆ ಏಳೆಂಟ್ಲೆ ಅನ್ನುವುದರಲ್ಲಿ ಏಳೂ ಇರಲಿಲ್ಲ, ಎಂಟೂ ಇರಲಿಲ್ಲ, ರಾಗ ಮಾತ್ರ ಇತ್ತು. ಐವತ್ತಾರರ ಹತ್ತಿರ ನಿಲ್ಲಿಸಿದರೆ ಅದರ ಹಿಂದೆ ಏನು ಹೇಳಿದೆ ಎಂಬುದು ಅಳಿಸಿಹೋಗಿರುತ್ತಿತ್ತು. "ಮೊದಲಿಂದಾನೇ ಶುರು ಮಾಡ್ಬೇಕು ಅಂತ ಯಾರು ಹೇಳಿದ್ರು?" ಎಂದು ಕೇಳಿದ. "ಅಪ್ಪ," ಎಂದಳು. ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ಮೆಟ್ಟಿಲಿಗೆ ಒಂದು ಸಾಲು ಹೇಳಿಸುತ್ತಿದ್ದನಂತೆ. ಮಧ್ಯದಿಂದ ಹೇಳಿದರೆ ಮೆಟ್ಟಿಲು ಜಾರುತ್ತದೆ ಎಂದಿದ್ದನಂತೆ. ಐದರ ಮಗ್ಗಿಯವರೆಗೆ ಅಪ್ಪ ಹೇಳಿಕೊಟ್ಟದ್ದು. ಮಿಕ್ಕದ್ದನ್ನು ಅವಳು ಶಾಲೆಯಲ್ಲಿ ಕಲಿತಿದ್ದಳು, ಆದರೆ ಅದೇ ರಾಗಕ್ಕೆ ಹಾಕಿಕೊಂಡಿದ್ದಳು. ಅವನು ಹಾಳೆಯನ್ನು ಮಡಚಿದ. ಎದುರಿನ ಗೋಡೆಯಲ್ಲಿ ಆ ಅಪ್ಪ ತೆಳು ಕಂದು ಬಣ್ಣದ ಕಟ್ಟಿನೊಳಗಿಂದ ನಗುತ್ತಿದ್ದ. ಅವನ ಎಡಭುಜದ ಮೇಲೆ ಮೂರು ಪುಟ್ಟ ಬೆರಳುಗಳಿದ್ದವು. ಬೆರಳಿನ ಹಿಂದೆ ಕೈ ಇರಲಿಲ್ಲ. ಅಲ್ಲಿಗೆ ಕಟ್ಟು ಬಂದಿತ್ತು.

ಆ ಕಟ್ಟು ಅವನೇ ಹಾಕಿದ್ದು. ಆಗ ಆ ಹೆಂಗಸು ಅವನಿಗೆ ಯಾರೂ ಆಗಿರಲಿಲ್ಲ. ಒಂದು ಮಧ್ಯಾಹ್ನ ಮಗುವಿನ ಕೈ ಹಿಡಿದು ಅಂಗಡಿಗೆ ಬಂದು, ಚೀಲದಿಂದ ಪತ್ರಿಕೆಯಲ್ಲಿ ಸುತ್ತಿದ ಫೋಟೋ ತೆಗೆದು ಮೇಜಿನ ಮೇಲಿಟ್ಟಿದ್ದಳು. ಹದಿನೈದು ಇಂಚು ಅಗಲ, ಹನ್ನೆರಡು ಇಂಚು ಎತ್ತರ. ತೆಗೆದ ಫೋನು ಗಂಡನ ಜೊತೆಗೇ ಹೋಯಿತು, ಇರುವುದು ಇದೊಂದೇ ಎಂದಿದ್ದಳು. ಮರುದಿನ ಬೆಳಿಗ್ಗೆ ನೆಂಟರು ಬರುತ್ತಾರೆ, ಸಂಜೆಯೊಳಗೆ ಆಗಬೇಕು. ಆಗಲಿ ಎಂದಿದ್ದ. ಅವಳು ಹೋದ ಮೇಲೆ ನೋಡಿದರೆ ಆ ಅಳತೆಗೆ ಪಟ್ಟಿ ಕತ್ತರಿಸಬೇಕು, ಮೂಲೆ ಜೋಡಿಸಬೇಕು, ಅಂಟು ಒಣಗಬೇಕು. ಮೂಲೆಯಲ್ಲಿ ಯಾರೋ ಮಾಡಿಸಿ ಒಯ್ಯದೆ ಬಿಟ್ಟ ಹನ್ನೆರಡು ಹನ್ನೆರಡರ ಕಟ್ಟೊಂದು ತಯಾರಿತ್ತು. ಅವನಿಗೆ ಅವತ್ತು ಯಾವ ಅವಸರವೂ ಇರಲಿಲ್ಲ. ಸೋಮಾರಿತನ ಅಷ್ಟೇ, ಊಟವಾದ ಮೇಲಿನ ನಿದ್ದೆಗಣ್ಣು. ಅಳತೆಪಟ್ಟಿ ಇಟ್ಟು ಬಲಗಡೆಯ ಮೂರಿಂಚು ಕೊಯ್ದುಬಿಟ್ಟ. ಕೊಯ್ಯುವಾಗ ಕಣ್ಣಿಗೆ ಕಂಡದ್ದು ಗೆರೆ ಮಾತ್ರ; ಮೂರಿಂಚಿನ ಆ ಪಟ್ಟಿ ಬೇರೆಯಾಗಿ ಸುರುಳಿ ಸುತ್ತಿಕೊಂಡ ಮೇಲೆ ಬಿಡಿಸಿ ನೋಡಿದರೆ ಅದರೊಳಗೆ ಮಗು ನಿಂತಿತ್ತು. ಸಂಜೆ ಅವಳು ಬಂದಾಗ ಅವನು ಬಾಯಿಗೆ ಬಂದದ್ದು ಹೇಳಿದ: "ಅಂಚಿಗೆ ನೀರು ತಾಗಿ ಬಣ್ಣ ಬಿಟ್ಕೊಂಡಿತ್ತು ಮೇಡಂ. ಕತ್ತರಿಸ್ದೇ ಬೇರೆ ದಾರಿ ಇರ್ಲಿಲ್ಲ." ಅವಳು ಜಗಳ ಮಾಡಲಿಲ್ಲ. ಫೋಟೋವನ್ನು ಹತ್ತಿರ ಹಿಡಿದು ನೋಡಿ, "ಹೌದಾ, ನಾನು ನೋಡ್ಲೇ ಇಲ್ಲ," ಎಂದಳು. ಆಮೇಲೆ, "ಹೋಗ್ಲಿ ಬಿಡಿ. ಇವಳು ಹೇಗೂ ಕಣ್ಮುಂದೆ ಇದ್ದಾಳಲ್ಲ. ಅವರು ಉಳಿದ್ರಲ್ಲ," ಎಂದಳು. ಮಗು ಅವಳ ಸೆರಗಿನ ಹಿಂದಿನಿಂದ ಅವನನ್ನೇ ನೋಡುತ್ತಿತ್ತು. ಅವನು ಮೊಳೆ, ಸುತ್ತಿಗೆ ಹಿಡಿದು ಅವರ ಮನೆಯವರೆಗೂ ಹೋಗಿ ತಾನೇ ಗೋಡೆಗೆ ಹಾಕಿಕೊಟ್ಟ. ತಿಂಗಳಾದ ಮೇಲೆ ಮೊಳೆ ಸಡಿಲವಾಗಿದೆಯೋ ಏನೋ ಎಂದು ನೋಡಲು ಮತ್ತೊಮ್ಮೆ ಹೋದ. ಚಹಾ ಕೊಟ್ಟಳು. ಎಷ್ಟು ಒಳ್ಳೆಯವರು ನೀವು ಎಂದಳು. ಆ ಮಾತನ್ನು ಆಮೇಲೂ ಎಷ್ಟೋ ಜನರ ಮುಂದೆ ಹೇಳಿದಳು, ಮದುವೆಯ ದಿನವೂ ಹೇಳಿದಳು, ಅದನ್ನು ಕೇಳಿದಾಗಲೆಲ್ಲ ಅವನೊಳಗೆ ಒಂದೊಂದು ದೀಪ ಆರುತ್ತ ಬಂದು ಈಗ ಕತ್ತಲೆಗೇ ಕಣ್ಣು ಹೊಂದಿಕೊಂಡಿತ್ತು.

ಮಂಗಳವಾರ ಶಾಲೆ ಬಿಟ್ಟ ಮೇಲೆ ಅವಳನ್ನು ನೇರ ಅಂಗಡಿಗೆ ಕರೆತಂದ. ಫೋಟೋದ ಸುತ್ತ ಕೂರಿಸುವ ದಪ್ಪ ರಟ್ಟಿನ ಚೂರುಗಳು ಬೇಕಾದಷ್ಟು ಬಿದ್ದಿದ್ದವು. ಅವಳು ಬರುವ ಮೊದಲೇ ಇಂಚು ಇಂಚಿನ ಬಿಲ್ಲೆಗಳನ್ನು ಕತ್ತರಿಸಿಟ್ಟಿದ್ದ, ಒಟ್ಟು ಐವತ್ತಾರು. ಅವನಿಗೆ ಗುಣಾಕಾರ ಹತ್ತಿದ್ದು ಹೀಗೆಯೇ. ಶಾಲೆಯಲ್ಲಿ ಮೇಷ್ಟ್ರು ಕಿವಿ ಹಿಂಡಿ ಹಿಂಡಿ ಕಲಿಸಲಾಗದೆ ಬಿಟ್ಟದ್ದನ್ನು, ಗಾಜಿನಂಗಡಿಯ ಯಜಮಾನರು ಒಂದು ದೊಡ್ಡ ಗಾಜಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಒಂದೇ ಮಧ್ಯಾಹ್ನದಲ್ಲಿ ಕಲಿಸಿದ್ದರು. ಅಷ್ಟು ದೊಡ್ಡ ಗಾಜು ಒಡೆದುಹೋದರೆ ಎಂಬ ಭಯಕ್ಕೆ ಬುದ್ಧಿ ತಾನಾಗಿ ಚುರುಕಾಗಿತ್ತು. "ಒಂದು ಸಾಲಿಗೆ ಏಳು ಇಡು," ಎಂದ. ಅವಳು ಬಗ್ಗಿ, ನಾಲಿಗೆಯನ್ನು ತುಟಿಯ ಮೂಲೆಗೆ ತಂದು, ಒಂದೊಂದಾಗಿ ಜೋಡಿಸಿದಳು. ಬಾಯಿ ತಾನಾಗಿ ಏಳೊಂದ್ಲೆ ಶುರು ಮಾಡಿತು. "ಹಾಡ್ಬೇಡ. ಇಡು ಸಾಕು," ಎಂದ. ಬಿಲ್ಲೆ ಮುಗಿದವು. "ಸಾಲು ಎಷ್ಟಾಯ್ತು?" ಎಣಿಸಿದಳು. ಎಂಟು. "ಹಾಗಾದ್ರೆ ಏಳೆಷ್ಟ್ಲೆ ಐವತ್ತಾರು?" ಅವಳು ಬಿಲ್ಲೆಗಳನ್ನೇ ನೋಡುತ್ತ, ಯಾರೋ ಮೋಸ ಮಾಡುತ್ತಿದ್ದಾರೇನೋ ಅನ್ನುವ ಅನುಮಾನದಲ್ಲಿ, "ಎಂಟಾ?" ಎಂದಳು. "ಈಗ ಈ ಕಡೆಯಿಂದ ಬಂದು ನೋಡು," ಎಂದು ಅವಳ ಹೆಗಲು ಹಿಡಿದು ಮೇಜಿನ ಇನ್ನೊಂದು ಬದಿಗೆ ತಂದ. ಅಲ್ಲಿಂದ ಸಾಲಿಗೆ ಎಂಟು, ಸಾಲು ಏಳು. ಅವಳಿಗೆ ನಗು ಬಂತು. ಹೆಗಲ ಮೇಲಿನ ಕೈ ಗೊತ್ತಾದ ಕೂಡಲೇ ನಗು ನಿಲ್ಲಿಸಿ ಸ್ವಲ್ಪ ಸರಿದಳು. ಅವನು ಕೈಯನ್ನು ಜೇಬಿಗೆ ಹಾಕಿಕೊಂಡ.

ಬಿಲ್ಲೆ ಇಲ್ಲದಿದ್ದರೆ ಏನು ಮಾಡುವುದು ಎಂಬುದು ಮುಂದಿನ ಪ್ರಶ್ನೆ. ಪರೀಕ್ಷೆಗೆ ರಟ್ಟಿನ ಚೂರು ಒಯ್ಯಲು ಬಿಡುವುದಿಲ್ಲ. "ಏಳೈದ್ಲೆ ಎಷ್ಟು?" ಎಂದ. ಮೂವತ್ತೈದು ಎಂದು ಥಟ್ಟನೆ ಹೇಳಿದಳು. ಐದರದ್ದು ಎಲ್ಲ ಮಕ್ಕಳಿಗೂ ಬರುತ್ತದೆ. ಐದು ಸಾಲನ್ನು ಬೇರೆ ಸರಿಸಿದ. "ಐವತ್ತಾರರಲ್ಲಿ ಮೂವತ್ತೈದು ಹೋದ್ರೆ?" ಬೆರಳು ಮಡಚಿ, ಇಪ್ಪತ್ತೊಂದು. "ಇಪ್ಪತ್ತೊಂದು ಅಂದ್ರೆ ಏಳರದ್ದು ಎಷ್ಟು ಸಾಲು?" ಅವಳು ಉಳಿದ ಸಾಲುಗಳನ್ನು ನೋಡದೆಯೇ "ಮೂರು" ಎಂದಳು. ಐದೂ ಮೂರೂ ಎಂದು ತುಟಿಯಲ್ಲೇ ಹೇಳಿಕೊಂಡು ತಲೆಯೆತ್ತಿದಳು. ಅವಳ ಮುಖದಲ್ಲಿ ಒಂದು ಕ್ಷಣ ಏನೋ ಹೊತ್ತಿಕೊಂಡದ್ದನ್ನು ಅವನು ನೋಡಿದ. "ಮಧ್ಯದಿಂದ ಶುರು ಮಾಡಿದ್ರೂ ಬರುತ್ತೆ!" ಎಂದಳು. ಸ್ವಲ್ಪ ಹೊತ್ತಿಗೆ ಅದು ಇಳಿಯಿತು. "ಅಪ್ಪಂಗೆ ಇದು ಗೊತ್ತಿರ್ಲಿಲ್ವಾ?" ಎಂದಳು. ಗೊತ್ತಿತ್ತು, ನೀನು ದೊಡ್ಡವಳಾದ ಮೇಲೆ ಹೇಳೋಣ ಅಂದ್ಕೊಂಡಿದ್ರು ಎಂದ. ಇದೂ ಬಾಯಿಗೆ ಬಂದದ್ದೇ. ಇಂಥವನ್ನು ಹುಟ್ಟಿಸುವುದು ತನಗೆ ಎಷ್ಟು ಸಲೀಸು ಎಂದು ಅವನಿಗೇ ಅನ್ನಿಸಿತು. ಹೊರಗೆ ಒಬ್ಬಾಕೆ ತನ್ನ ನಾಯಿಯ ಫೋಟೋಗೆ ಯಾವ ಬಣ್ಣದ ಕಟ್ಟು ಒಪ್ಪುತ್ತದೆ ಎಂದು ಕೇಳಲು ನಿಂತಿದ್ದಳು.

ಬುಧವಾರ ಮನೆಯಲ್ಲೇ ಕೂತರು. ಟೀಚರ್ ಅಭ್ಯಾಸಕ್ಕೆಂದು ಕೊಟ್ಟ ಇನ್ನೊಂದು ಹಾಳೆ. ಹದಿನಾಲ್ಕು ಲೆಕ್ಕ ಮಾಡಿದ್ದಳು, ಎರಡು ತಪ್ಪು, ಮಿಕ್ಕದ್ದು ಸರಿ. ಒಂಬತ್ತೆಷ್ಟ್ಲೆ ಎಪ್ಪತ್ತೆರಡು ಎನ್ನುವುದಕ್ಕೆ ಹತ್ತರಿಂದ ಹಿಂದಕ್ಕೆ ಬಂದಿದ್ದಳು, ಅವನು ಹೇಳಿಕೊಡದೆಯೇ. ಎರಡು ಮೊಟ್ಟೆ ಹುರಿದು, ಬ್ರೆಡ್ಡಿನ ಜೊತೆ ಅವಳ ಮುಂದಿಟ್ಟು, ತನ್ನ ಲೋಟದಲ್ಲಿ ನೀರು ತಂದಿಟ್ಟ. ಅವಳು ತಟ್ಟೆ ಎಳೆದುಕೊಳ್ಳುವಾಗ ಮೊಣಕೈ ತಾಗಿ ಲೋಟ ಉರುಳಿತು. ನೀರು ಹಾಳೆಯ ಮೇಲೆ ಹರಿದು, ಅಂಕಿಗಳ ಕೆಳಗೆ ಮಡುಗಟ್ಟಿ, ಮೇಜಿನಂಚಿನಿಂದ ತೊಟ್ಟಿಕ್ಕತೊಡಗಿತು. ಅವನು ಬಟ್ಟೆ ತರಲು ಎದ್ದ. ತಿರುಗಿ ನೋಡಿದರೆ ಜೀರಿಗೆ ಕುರ್ಚಿಯಿಂದಿಳಿದು ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಅಳುತ್ತಿರಲಿಲ್ಲ. ಮುಖ ಬಿಳಿಚಿಕೊಂಡಿತ್ತು.

"ಹಾಳೆ ತಾನೆ. ಒಣಗುತ್ತೆ," ಎಂದ.

"ನಾನು ನೀರು ಇಟ್ಕೋಬಾರ್ದು," ಎಂದಳು.

"ಇಟ್ಟಿದ್ದು ನಾನು."

"ಇಲ್ಲ. ನಾನು ನೀರು ಇಟ್ಕೊಂಡ್ರೆ ಎಲ್ಲ ಹಾಳಾಗುತ್ತೆ. ಫೋಟೋನೂ ಹಾಗೇ ಆಯ್ತು."

ಅವನು ಬಟ್ಟೆಯನ್ನು ಮೇಜಿನ ಮೇಲಿಟ್ಟ. ಯಾವ ಫೋಟೋ ಎಂದು ಕೇಳಬೇಕಾಗಿರಲಿಲ್ಲ. ಅವಳೇ ಹೇಳಿದಳು, ನೆಲ ನೋಡಿಕೊಂಡು, ಮಗ್ಗಿಯ ಹಾಗೆ ಮೊದಲಿಂದ, ಒಂದನ್ನೂ ಬಿಡದೆ. ಅವತ್ತು ಬಸ್ಸಿನಲ್ಲಿ ಅಮ್ಮನ ಚೀಲ ಅವಳ ತೊಡೆಯ ಮೇಲಿತ್ತು. ಅವಳ ಬಾಟಲಿ ಅವಳ ಕೈಯಲ್ಲಿತ್ತು. ಕೈ ಸೋತಿತೆಂದು ಬಾಟಲಿಯನ್ನು ಚೀಲದೊಳಗೆ ಇಟ್ಟಳು. ಮುಚ್ಚಳ ಗಟ್ಟಿ ಹಾಕಿದ್ದಳೋ ಇಲ್ಲವೋ ನೆನಪಿಲ್ಲ. ಇಳಿಯುವಾಗ ಅಮ್ಮ ನೋಡುವ ಮೊದಲೇ ತೆಗೆದುಕೊಂಡಳು. "ಅಮ್ಮಂಗೆ ಗೊತ್ತಿಲ್ಲ. ನಾನು ಹೇಳ್ಲೇ ಇಲ್ಲ. ಅಂಗಡಿಯಲ್ಲಿ ನೀರು ತಾಗಿದೆ ಅಂದಾಗ್ಲೂ ಹೇಳ್ಲಿಲ್ಲ." ಐದು ವರ್ಷದ ಮಗು ಸೆರಗಿನ ಹಿಂದಿನಿಂದ ಅವನನ್ನು ನೋಡುತ್ತಿದ್ದುದು ಇದಕ್ಕೆ. ಇವನು ತನ್ನ ಹೆಸರು ಹೇಳಿಬಿಡುತ್ತಾನೋ ಎಂದು. ಆಮೇಲೆ ಬಾಟಲಿ ಕೊರಳಿಗೆ ಬಂದದ್ದು, ಎಷ್ಟು ಹೇಳಿದರೂ ಅದನ್ನು ಪುಸ್ತಕದ ಚೀಲಕ್ಕೆ ಹಾಕದೆ ಇದ್ದದ್ದು, ಏನು ಫ್ಯಾಶನ್ನೋ ಎಂದು ಗಂಡ ಹೆಂಡತಿ ನಕ್ಕದ್ದು. ಪತ್ರಿಕೆಯ ಸುತ್ತು ಅವನಿಗೆ ಕಣ್ಣಿಗೆ ಕಟ್ಟಿದಂತಿತ್ತು. ಗರಿಗರಿ ಒಣಗಿದ ಪತ್ರಿಕೆ, ಬಿಚ್ಚುವಾಗ ಸದ್ದಾಗಿತ್ತು.

ಸುಮ್ಮನಿರಬಹುದಿತ್ತು. ಪರವಾಗಿಲ್ಲ, ನೀನು ಚಿಕ್ಕವಳಿದ್ದೆ, ಬೇಕಂತ ಮಾಡಿದ್ದಲ್ಲವಲ್ಲ ಎಂದು ತಲೆ ಸವರಿ ಕಳಿಸಿದ್ದರೆ ಅವಳು ಬಹುಶಃ ಮೊಟ್ಟೆ ತಿನ್ನುತ್ತಿದ್ದಳು, ಉಳಿದ ಆರು ಲೆಕ್ಕ ಮಾಡುತ್ತಿದ್ದಳು. ಆ ವಾಕ್ಯ ಪೂರ್ತಿಯಾಗಿ ಅವನ ಬಾಯಿಯೊಳಗೆ ಬಂದು ಕೂತೂ ಇತ್ತು. ಅದನ್ನು ಹೇಳದೇ ಇದ್ದದ್ದು ಒಳ್ಳೆಯತನದಿಂದ ಎಂದು ಅವನಿಗೆ ಆಮೇಲೂ ಅನ್ನಿಸಲಿಲ್ಲ. ಕಂಡದ್ದು ಅವಳ ಕೈಗಳು: ಹಿಂದೆ ಕಟ್ಟಿಕೊಂಡ ಕೈಗಳು, ಯಾರೂ ಕಟ್ಟು ಎಂದು ಹೇಳಿರದ ಕೈಗಳು.

"ಫೋಟೋಗೆ ನೀರು ತಾಗಿರ್ಲಿಲ್ಲ," ಎಂದ.

ಅವಳು ತಲೆಯೆತ್ತಿದಳು.

"ಚೆನ್ನಾಗೇ ಇತ್ತು. ನನ್ನ ಹತ್ರ ಅಷ್ಟು ದೊಡ್ಡ ಕಟ್ಟು ತಯಾರಿರ್ಲಿಲ್ಲ. ಹೊಸದು ಮಾಡೋಕೆ ಬೇಜಾರಾಯ್ತು. ಅದಕ್ಕೆ ಕತ್ತರಿಸ್ದೆ. ಆಮೇಲೆ ನಿಮ್ಮಮ್ಮಂಗೆ ನೀರು ಬಿದ್ದಿತ್ತು ಅಂತ ಹೇಳ್ದೆ."

"ಬಾಟ್ಲಿ ಸೋರಿರ್ಲಿಲ್ವಾ?"

"ಇಲ್ಲ."

"ಒಂದು ಹನೀನೂ?"

"ಒಂದು ಹನೀನೂ ಇಲ್ಲ."

ನೀರು ತೊಟ್ಟಿಕ್ಕುವುದು ನಿಂತಿತ್ತು. ಕೆಳಗಿನ ಮಹಡಿಯಲ್ಲಿ ಯಾರೋ ಕುರ್ಚಿ ಎಳೆದರು. ಜೀರಿಗೆ ಕೈಗಳನ್ನು ಮುಂದಕ್ಕೆ ತಂದು ಅಂಗೈ ನೋಡಿಕೊಂಡಳು. "ನೀನು ಸುಳ್ಳು ಹೇಳ್ದೆ," ಎಂದಳು. ಮೆಲ್ಲಗೆ, ಅವನಿಗೆ ಸುದ್ದಿ ತಿಳಿಸುವವಳ ಹಾಗೆ. "ನೀನು ಹೇಳಿದ್ದನ್ನ ನಾನು ನಿಜ ಅಂದ್ಕೊಂಡೆ." ಎರಡು ವರ್ಷ ಕಾಪಾಡಿಕೊಂಡು ಬಂದದ್ದು ಒಡೆದುಹೋಗಿತ್ತು. ಅದು ಮಕ್ಕಳು ಮನೆಯವರಿಗೆ ಅನ್ನುವ ನೀನೋ, ಬೀದಿಯಲ್ಲಿ ಜಗಳಕ್ಕೆ ನಿಂತಾಗ ಅನ್ನುವ ನೀನೋ ಅವನಿಗೆ ಗೊತ್ತಾಗಲಿಲ್ಲ. ಅವಳಿಗೂ ಗೊತ್ತಿತ್ತೋ ಇಲ್ಲವೋ. ಅವನು "ಹೌದು" ಎಂದ.

"ಕತ್ತರಿಸಿದ್ದು ಎಲ್ಲಿದೆ?"

"ಇಲ್ಲ. ಕಸದ ಜೊತೆ ಹೋಯ್ತು."

"ಅದ್ರಲ್ಲಿ ನಾನು ಹೇಗಿದ್ದೆ?"

ನೆನಪಿಲ್ಲ ಎನ್ನಲು ಬಾಯಿ ತೆರೆದವನಿಗೆ ಎಲ್ಲವೂ ನೆನಪಿತ್ತು. ಕುಳಿತುಕೊಂಡು ಹೇಳತೊಡಗಿದ. ಒಂದು ಗಿಡ್ಡ ಗೋಡೆಯ ಮೇಲೆ ನಿಂತಿದ್ದೆ. ಹಳದಿ ಫ್ರಾಕು, ಅದರ ಜೇಬು ಉಬ್ಬಿತ್ತು, ಒಳಗೆ ಏನೋ ತುಂಬಿಕೊಂಡಿದ್ದೆ. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕ್ಯಾಮೆರಾ ಕಡೆ ನೋಡ್ತಾ ಇರಲಿಲ್ಲ, ಅಪ್ಪನ ಕಿವಿ ಕಡೆ ನೋಡ್ತಿದ್ದೆ, ಅದರಲ್ಲಿ ಏನೋ ಹೇಳೋಕೆ ಹೊರಟ ಹಾಗೆ. ಬಾಯಿ ಸ್ವಲ್ಪ ತೆರೆದಿತ್ತು. ಮುಂದಿನ ಒಂದು ಹಲ್ಲು ಅರ್ಧ ಬಂದಿತ್ತು. ಹೇಳುತ್ತಾ ಹೋದಂತೆ ಅವನ ದನಿ ಒಡೆಯಲಿಲ್ಲ, ಕಣ್ಣು ತುಂಬಲಿಲ್ಲ. ಯಾವುದೋ ಆರ್ಡರಿನ ವಿವರ ಓದಿ ಹೇಳುವ ಹಾಗೆ ಹೇಳಿದ. ಅವಳು ಗೋಡೆ ಬಿಟ್ಟು ಬಂದು 'ಯಾವ ಕಾಲಿನ ಚಪ್ಪಲಿ' ಎಂದು ಮಾತ್ರ ಕೇಳಿದಳು. ಬಲಗಾಲಿನದು ಎಂದ.

ಏಳು ಗಂಟೆಗೆ ಹೆಂಡತಿಯ ಫೋನು ಬಂತು. ಜೀರಿಗೆ ಎತ್ತಿದಳು. ಹ್ಞೂಂ, ತಿಂದೆ, ಹದಿನಾಲ್ಕು ಮಾಡ್ದೆ ಎಂದಳು. ಆಮೇಲೆ ಫೋನನ್ನು ಅವನ ಕಡೆ ಚಾಚಿದಳು. "ಅಮ್ಮಂಗೆ ನಾನು ಹೇಳಲ್ಲ. ನೀನೇ ಹೇಳು," ಎಂದು ಹೇಳಿ, ಎದ್ದು ಹೋಗದೆ, ಅಲ್ಲೇ ಎದುರಿನ ಕುರ್ಚಿಯಲ್ಲಿ ಕೂತಳು. ಅವನು ಹೇಳಿದ. ಬಾಟಲಿಯ ವಿಷಯವನ್ನೂ ಹೇಳಿದ. ಅದನ್ನು ಹೇಳುವಾಗ ಆ ಕಡೆಯಿಂದ ಉಸಿರೆಳೆದ ಸದ್ದು ಬಂತು. ಯಾರೋ ಹೆಂಗಸರು ಹಿಂದೆ ನಗುತ್ತಿದ್ದರು, ಬಾಗಿಲೊಂದು ಹಾಕಿಕೊಂಡಿತು, ನಗು ನಿಂತಿತು.

"ಹಾಗಾದ್ರೆ ಅವತ್ತು ಮನೆಗೆ ಬಂದು ಮೊಳೆ ಹೊಡೆದು ಕೊಟ್ರಲ್ಲ, ಅದೂ ಇದಕ್ಕೇನಾ?" ಎಂದಳು.

"ಹೌದು."

"ಆಮೇಲೆ ಇನ್ನೊಂದ್ಸಲ ಬಂದಿದ್ದು?"

ಅವನು ಯೋಚಿಸಿದ. ಇಲ್ಲಿ ಏನು ಬರೆದರೂ ಆಗುತ್ತಿತ್ತು, ಪರೀಕ್ಷಿಸುವವರು ಯಾರೂ ಇರಲಿಲ್ಲ. "ಗೊತ್ತಿಲ್ಲ," ಎಂದ. "ಇದಕ್ಕೂ ಇರ್ಬಹುದು. ನಿನ್ನ ನೋಡೋಕೂ ಇರ್ಬಹುದು. ನಿಜವಾಗ್ಲೂ ಗೊತ್ತಿಲ್ಲ."

"ಮಗುಗೆ ಫೋನ್ ಕೊಡಿ," ಎಂದಳು.

ಅಮ್ಮ ಮಗಳು ಬಹಳ ಹೊತ್ತು ಮಾತಾಡಿದರು. ಮಾತಾಡಿದ್ದು ಅಮ್ಮ, ಮಗಳು ಹ್ಞೂಂ ಎನ್ನುತ್ತಿದ್ದಳು, ನಡುವೆ ಒಮ್ಮೆ "ಇಲ್ಲ, ಅಳ್ತಿಲ್ಲ" ಎಂದಳು. ಅಷ್ಟರಲ್ಲಿ ಅವನು ಒದ್ದೆ ಹಾಳೆಯನ್ನು ಎರಡು ರಟ್ಟಿನ ನಡುವೆ ಇಟ್ಟು ಒತ್ತಿ ಒಣಗಿಸಿದ. ಸೆಟೆದುಕೊಂಡಿತ್ತು, ಆದರೂ ಬರೆಯಲು ಬರುವಂತಿತ್ತು. ಅವಳು ಬಂದು ಉಳಿದ ಆರು ಲೆಕ್ಕ ಮಾಡಿದಳು. ಒಂದನ್ನೂ ಅವನಿಗೆ ತೋರಿಸಲಿಲ್ಲ.

ಗುರುವಾರ ಅವಳು ಅವನ ಜೊತೆ ಅಭ್ಯಾಸಕ್ಕೆ ಕೂರಲಿಲ್ಲ. ಶುಕ್ರವಾರ ಗೇಟಿನಿಂದ ಹೊರಬಂದು "ಹದಿನೇಳು" ಎಂದಷ್ಟೇ ಹೇಳಿದಳು. ಮನೆಯ ತಿರುವು ಬಂದಾಗ ತಾನಾಗಿ ಇನ್ನೊಂದು ಮಾತು ಸೇರಿಸಿದಳು: ಮೂರು ತಪ್ಪಾದದ್ದನ್ನು ಟೀಚರ್ ಅಲ್ಲೇ ಕರೆದು ಹೇಳಿಕೊಟ್ಟರಂತೆ, ಕೆಳಗಿನ ತರಗತಿಗೆ ಹೋಗಬೇಕಾಗಿಲ್ಲವಂತೆ. ತಪ್ಪಾದರೆ ಏನಾಗುತ್ತದೆ ಎಂದು ಸೋಮವಾರ ಕೇಳಿದ್ದವಳು ಅವಳೇ. ಅವನು ಒಳ್ಳೆಯದಾಯ್ತು ಎಂದ. ಸಂತೋಷವಾಗಿರಬೇಕು ಎಂದುಕೊಂಡ.

ಶನಿವಾರ ಮಧ್ಯಾಹ್ನ ಹೆಂಡತಿ ಬಂದಳು. ಬಸ್ ನಿಲ್ದಾಣಕ್ಕೆ ಬರುವುದು ಬೇಡ ಎಂದು ಹೇಳಿಕಳಿಸಿದ್ದಳು. ಬಾಗಿಲು ತೆಗೆದಾಗ ಅವನ ಮುಖ ನೋಡಲಿಲ್ಲ; ಚೀಲ ಕೆಳಗಿಡದೆ, ಚಪ್ಪಲಿ ಬಿಡದೆ, ನೇರವಾಗಿ ಹೋಗಿ ಫೋಟೋದ ಎದುರು ನಿಂತಳು. ಹನ್ನೆರಡು ದಿನದಲ್ಲಿ ಅವಳ ಕುತ್ತಿಗೆ ಸಣ್ಣಗಾಗಿತ್ತು. ಅವನು ಅಡುಗೆಮನೆಯ ಬಾಗಿಲಲ್ಲಿ, ಒಳಗೆ ಹೋಗಬೇಕೋ ಹೊರಗೆ ಬರಬೇಕೋ ತಿಳಿಯದೆ ನಿಂತ. ಅವಳು ಮಗಳನ್ನು ಪಕ್ಕಕ್ಕೆ ಎಳೆದುಕೊಂಡಳು.

"ನೀನು ಎಲ್ಲಿದ್ದೆ ಇದ್ರಲ್ಲಿ? ತೋರ್ಸು," ಎಂದಳು.

ಜೀರಿಗೆ ಕುರ್ಚಿ ಎಳೆದುಕೊಂಡು ಹತ್ತಿ, ಕಟ್ಟಿನ ಬಲಕ್ಕೆ, ಬರಿಯ ಗೋಡೆಯ ಮೇಲೆ ಅಂಗೈ ಇಟ್ಟಳು. "ಇಲ್ಲಿ."

ತಾಯಿ ನೋಡಿದಳು. ಅವಳಿಗೆ ಖಚಿತವಾಗಿ ನೆನಪಿರಲಿಲ್ಲ. ಹೌದು ಎನ್ನಲಾರದೆ, ಅಲ್ಲ ಎನ್ನಲಾರದೆ ನಿಂತಿದ್ದಳು.

"ಇನ್ನೂ ಸ್ವಲ್ಪ ಕೆಳಗೆ," ಎಂದ ಅವನು.

ಇಬ್ಬರೂ ತಿರುಗಿ ಅವನನ್ನು ನೋಡಿದರು. ಆಮೇಲೆ ಹುಡುಗಿ ಗೋಡೆಯ ಕಡೆ ತಿರುಗಿ, ಅಂಗೈಯನ್ನು ಎತ್ತದೆ, ನಿಧಾನವಾಗಿ ಕೆಳಕ್ಕೆ ಜಾರಿಸುತ್ತ ಬಂದಳು. ಅವನು ಸಾಕು ಎನ್ನುವವರೆಗೆ.